ಗ್ರಂಥಾಲಯದ ಹಣಕ್ಕೆ ಕತ್ತರಿ: ಮೊದಲು ಬರಿದಾಗುವ ಕಪಾಟು ಯಾರದು?

ಅಕ್ಕಿಯ ಬೆಲೆ ಏರಿದರೆ ಅಂದೇ ಸಂಜೆ ಮನೆಮನೆಗೆ ತಿಳಿಯುತ್ತದೆ. ಬಸ್ಸಿನ ಓಡಾಟ ನಿಂತರೆ ಮರುದಿನ ಬೆಳಿಗ್ಗೆ ಪಂಚಾಯತು ಕಚೇರಿಯ ಮುಂದೆ ಜನ ಸೇರುತ್ತಾರೆ. ಆದರೆ ಊರಿನ ಗ್ರಂಥಾಲಯಕ್ಕೆ ಸಲ್ಲಬೇಕಾದ ಹಣ ಬಾರದೆ ಹೋದರೆ ಅದನ್ನು ಯಾರೂ ಸುದ್ದಿಯೆಂದು ಗಣಿಸುವುದಿಲ್ಲ. ಬಾಗಿಲು ತೆರೆದೇ ಇರುತ್ತದೆ, ದಿನಪತ್ರಿಕೆಗಳು ಮೇಜಿನ ಮೇಲಿರುತ್ತವೆ, ಫ್ಯಾನು ತಿರುಗುತ್ತಿರುತ್ತದೆ. ಹೊಸ ಪುಸ್ತಕ ಮಾತ್ರ ಬರುವುದಿಲ್ಲ. ವರ್ಷ ಕಳೆದ ಮೇಲೆ ಯಾರೋ ಒಬ್ಬರು ವಿಚಾರಿಸಿದಾಗ ‘ಫಂಡ್ ಇಲ್ಲ’ ಎಂಬ ಎರಡು ಶಬ್ದಗಳ ಉತ್ತರ ಸಿಗುತ್ತದೆ. ವಿಚಾರಿಸಿದವರು ಸುಮ್ಮನೆ ಮನೆಗೆ ಹೋಗುತ್ತಾರೆ.

ಈ ಮಾತನ್ನು ಇಂದು ಎತ್ತಲು ಕಾರಣ, 2025ರಲ್ಲಿ ಅಮೆರಿಕದ ಗ್ರಂಥಾಲಯಗಳು ಅನುಭವಿಸಿದ ಪಾಡು. ಆ ವರ್ಷದ ಮಾರ್ಚ್ 14ರಂದು ಅಧ್ಯಕ್ಷ ಶ್ರೀ ಟ್ರಂಪರು ಹೊರಡಿಸಿದ ಆಜ್ಞೆಯೊಂದರಲ್ಲಿ ಕೆಲವು ಸಣ್ಣಪುಟ್ಟ ಕೇಂದ್ರ ಸಂಸ್ಥೆಗಳನ್ನು ಕಾಯಿದೆ ಕಡ್ಡಾಯಪಡಿಸಿದಷ್ಟಕ್ಕೆ ಮಾತ್ರ ಇಳಿಸಬೇಕೆಂದು ವಿಧಿಸಲಾಯಿತು. ಅವುಗಳಲ್ಲಿ ಒಂದು, 1996ರ ಕಾಯಿದೆಯಿಂದ ರೂಪುಗೊಂಡ ವಸ್ತುಸಂಗ್ರಹಾಲಯ ಮತ್ತು ಗ್ರಂಥಾಲಯ ಸೇವಾ ಸಂಸ್ಥೆ. ಹದಿನೇಳು ದಿನಗಳೊಳಗೆ, ಅಂದರೆ ಮಾರ್ಚ್ 31ರಂದು, ಅದರ ಹೆಚ್ಚಿನ ನೌಕರರನ್ನು ರಜೆಯ ಮೇಲೆ ಮನೆಗೆ ಕಳುಹಿಸಲಾಯಿತು. ಏಪ್ರಿಲಿನ ಮೊದಲ ವಾರದಲ್ಲೇ ಕ್ಯಾಲಿಫೋರ್ನಿಯ, ವಾಷಿಂಗ್ಟನ್, ಕನೆಕ್ಟಿಕಟ್ ರಾಜ್ಯಗಳಿಗೆ ಮಂಜೂರಾಗಿ ವೆಚ್ಚವಾಗುತ್ತಿದ್ದ ಅನುದಾನ ರದ್ದಾಯಿತು.

ಅಮೆರಿಕದವರ ಲೈಬ್ರೆರಿಯ ಗೋಳು ಮಂಜೇಶ್ವರದವರಿಗೆ, ಮುಳ್ಳೇರಿಯದವರಿಗೆ ಏಕೆ ಎಂದು ಓದುಗ ಬಂಧುಗಳು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಆದರೆ ಅಲ್ಲಿ ಹಣ ಹೇಗೆ ಹರಿಯುತ್ತಿತ್ತು, ನಿಂತಾಗ ಯಾವುದು ಮೊದಲು ಕುಸಿಯಿತು ಎಂಬುದನ್ನು ಸ್ವಲ್ಪ ತಾಳ್ಮೆಯಿಂದ ನೋಡಿದರೆ ನಮ್ಮ ಊರಿನ ವಾಚನಾಲಯದ ಕಪಾಟೇ ಕಣ್ಣ ಮುಂದೆ ಬಂದು ನಿಲ್ಲುತ್ತದೆ.

ಅಮೆರಿಕದ ಸಾರ್ವಜನಿಕ ಗ್ರಂಥಾಲಯಗಳು ಬಹುಮಟ್ಟಿಗೆ ಊರವರ ತೆರಿಗೆಯಿಂದಲೇ ನಡೆಯುವಂಥವು. ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿ ಆ ದೇಶದಲ್ಲಿ 1,600ಕ್ಕೂ ಮಿಕ್ಕಿ ಗ್ರಂಥಾಲಯ ಕಟ್ಟಡಗಳಿಗೆ ಹಣ ಕೊಟ್ಟಾಗ ಹಾಕಿದ ಮುಖ್ಯ ಷರತ್ತು ಇದು: ಕಟ್ಟಡ ನನ್ನದು, ಪ್ರತಿ ವರ್ಷ ಅದನ್ನು ನಡೆಸುವ ವೆಚ್ಚ ಊರಿನದು. ಜಿಪುಣನ ಲೆಕ್ಕದಂತೆ ಕಂಡರೂ ಅದು ಬುದ್ಧಿವಂತಿಕೆಯ ಲೆಕ್ಕ. ಆ ಪದ್ಧತಿ ಇಂದಿಗೂ ಉಳಿದಿದೆ. ಕೇಂದ್ರ ಸರಕಾರದ ಪಾಲು ಒಟ್ಟು ಆದಾಯದಲ್ಲಿ ನೂರಕ್ಕೆ ಒಂದಕ್ಕೂ ಕಡಿಮೆ. ಇದನ್ನು ಕೇಳಿದ ಯಾರೇ ಆದರೂ ‘ಇಷ್ಟು ಸಣ್ಣ ಮೊತ್ತ ಹೋದರೆ ಆಕಾಶ ಕಳಚಿ ಬೀಳುವುದೇ’ ಎನ್ನಬಹುದು. ಅಲ್ಲಿನ ಅಧಿಕಾರಸ್ಥರಿಗೂ ಈ ವಾದ ಸುಲಭವಾಯಿತು.

ಆದರೆ ಆ ಸಣ್ಣ ಮೊತ್ತ ಯಾವುದಕ್ಕೆ ಸಲ್ಲುತ್ತಿತ್ತು? 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರರು ಸಹಿ ಹಾಕಿದ ಗ್ರಂಥಾಲಯ ಸೇವಾ ಕಾಯಿದೆ ಹುಟ್ಟಿದ್ದೇ ಗ್ರಂಥಾಲಯವಿಲ್ಲದ ಹಳ್ಳಿಗಳಿಗಾಗಿ. ಶ್ರೀಮಂತ ನಗರ ತನ್ನ ಗ್ರಂಥಾಲಯವನ್ನು ತಾನೇ ನಡೆಸಿಕೊಂಡೀತು. ನೂರು ಮನೆಗಳ ಹಳ್ಳಿ ಏನು ಮಾಡಬೇಕು? ಅದಕ್ಕಾಗಿ ಕೇಂದ್ರವು ರಾಜ್ಯಗಳಿಗೆ ಜನಸಂಖ್ಯೆಗೆ ಅನುಸಾರವಾಗಿ ಹಣ ಕೊಡುವ ಕ್ರಮ ಬಂತು. ಇತ್ತೀಚಿನ ವರ್ಷಗಳಲ್ಲಿ ಇಡೀ ದೇಶಕ್ಕೆ ಸುಮಾರು 18 ಕೋಟಿ ಡಾಲರು ಹೀಗೆ ಹಂಚಿಕೆಯಾಗುತ್ತಿತ್ತು. ನೂರರಲ್ಲಿ 66 ಪಾಲು ಕೇಂದ್ರದ್ದಾದರೆ 34 ಪಾಲು ರಾಜ್ಯ ಹಾಕಬೇಕು. ರಾಜ್ಯವು ಆ ಹಣದಿಂದ ಒಂದು ಊರು ಒಂಟಿಯಾಗಿ ಮಾಡಲಾಗದ ಕೆಲಸಗಳನ್ನು ಮಾಡುತ್ತಿತ್ತು. ಒಂದೂರಿನ ಪುಸ್ತಕವನ್ನು ಇನ್ನೊಂದೂರಿನ ಓದುಗನಿಗೆ ತಲುಪಿಸುವುದು, ಕಣ್ಣು ಕಾಣದವರಿಗೆ ಕೇಳುವ ಪುಸ್ತಕ ಒದಗಿಸುವುದು, ಹತ್ತಾರು ಗ್ರಂಥಾಲಯಗಳ ಪರವಾಗಿ ಒಟ್ಟಾಗಿ ಇ-ಪುಸ್ತಕಗಳನ್ನು ಕೊಳ್ಳುವುದು ಇತ್ಯಾದಿ. ಆ ನೆಲದ ಮೂಲ ನಿವಾಸಿ ಜನಾಂಗಗಳ ಗ್ರಂಥಾಲಯಗಳಿಗೆ ಬೇರೆಯೇ ಅನುದಾನವಿತ್ತು. ಅಳಿಯುತ್ತಿರುವ ತಮ್ಮ ನುಡಿಯನ್ನು ದಾಖಲಿಸಿ ಮಕ್ಕಳಿಗೆ ಕಲಿಸಲು ಅವರು ಅದನ್ನು ಬಳಸುತ್ತಿದ್ದರು.

ಕತ್ತರಿ ಬಿದ್ದೊಡನೆ ಏನಾಯಿತು ನೋಡಿ. ನ್ಯೂಯಾರ್ಕಿನ ದೊಡ್ಡ ಗ್ರಂಥಾಲಯದ ಬಾಗಿಲು ಮುಚ್ಚಲಿಲ್ಲ. ಸೌತ್ ಡಕೋಟದಲ್ಲಿ ಗ್ರಂಥಾಲಯಗಳ ನಡುವಿನ ಪುಸ್ತಕ ವಿನಿಮಯ ನಿಂತಿತು. ಮಿಸಿಸಿಪ್ಪಿಯಲ್ಲಿ ಇ-ಪುಸ್ತಕ, ಧ್ವನಿಪುಸ್ತಕಗಳ ಜನಪ್ರಿಯ ಸೇವೆಯೊಂದು ನಿಂತಿತು. ಮೇಯ್ನ್ ರಾಜ್ಯದ ಗ್ರಂಥಾಲಯವು ನೌಕರರಲ್ಲಿ ಐದರಲ್ಲೊಂದು ಪಾಲನ್ನು ಕಳೆದುಕೊಂಡು ಕೆಲಕಾಲ ಬಾಗಿಲನ್ನೂ ಹಾಕಿಕೊಂಡಿತು. ಪೇಟೆಯಲ್ಲಿದ್ದು ಬೇಕಾದ ಪುಸ್ತಕವನ್ನು ಕೊಂಡು ಓದಬಲ್ಲವನಿಗೆ ಇದರಿಂದ ಏನೂ ಆಗಲಿಲ್ಲ. ದೂರದ ಹುಲ್ಲುಗಾವಲಿನ ನಡುವೆ ಇದ್ದು, ತನ್ನೂರಿನ ಒಂದೇ ಕೋಣೆಯ ಲೈಬ್ರೆರಿಯಲ್ಲಿ ಇಲ್ಲದ ಪುಸ್ತಕಕ್ಕಾಗಿ ಚೀಟಿ ಬರೆದಿಟ್ಟು ಕಾಯುತ್ತಿದ್ದವನ ಕೈಗೆ ಮಾತ್ರ ಪುಸ್ತಕ ಬರಲಿಲ್ಲ.

ಇಪ್ಪತ್ತೊಂದು ರಾಜ್ಯಗಳು ರೋಡ್ ಐಲೆಂಡಿನ ನ್ಯಾಯಾಲಯದ ಮೊರೆಹೊಕ್ಕವು. 2025ರ ಮೇ ತಿಂಗಳಲ್ಲಿ ತಾತ್ಕಾಲಿಕ ತಡೆ ಸಿಕ್ಕಿತು. ನವೆಂಬರಿನಲ್ಲಿ, ಶಾಸನಸಭೆ ಕಾಯಿದೆಯಿಂದ ಕಟ್ಟಿದ್ದನ್ನು ಅಧ್ಯಕ್ಷರು ಆಜ್ಞೆಯೊಂದರಿಂದ ಕೆಡಹುವಂತಿಲ್ಲವೆಂಬ ತೀರ್ಪೂ ಬಂತು. ಡಿಸೆಂಬರಿನ ಆರಂಭದಲ್ಲಿ ರದ್ದಾದ ಅನುದಾನಗಳನ್ನು ಮತ್ತೆ ಕೊಡುವುದಾಗಿ ಸಂಸ್ಥೆ ಸಾರಿತು. ಇದು ಸಂತೋಷದ ವಿಷಯವೇ. ಆದರೆ ಅದರ ನಡುವೆ ಕೆಲಸ ಬಿಟ್ಟುಹೋದ ಗ್ರಂಥಪಾಲಕ ತಿರುಗಿ ಬರುವನೆಂಬ ಭರವಸೆಯಿಲ್ಲ. ಎಂಟು ತಿಂಗಳು ಪುಸ್ತಕ ಸಿಗದೆ ಬರುವುದನ್ನೇ ಬಿಟ್ಟ ಓದುಗನನ್ನು ಯಾವ ನ್ಯಾಯಾಲಯದ ತೀರ್ಪೂ ಕರೆದು ತರಲಾರದು.

ಇನ್ನು ನಮ್ಮ ಮನೆಯ ಲೆಕ್ಕ ನೋಡೋಣ.

ಗ್ರಂಥಾಲಯದ ವಿಷಯದಲ್ಲಿ ನಮ್ಮ ಈ ನೆಲ ಹಿಂದುಳಿದದ್ದೇನಲ್ಲ. ಭಾರತೀಯ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಡಾ. ಎಸ್. ಆರ್. ರಂಗನಾಥನ್ ಅವರು 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವರು. ಅವರ ಶ್ರಮದಿಂದ 1948ರಲ್ಲಿ ಬಂದ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯಿದೆ ಸ್ವತಂತ್ರ ಭಾರತದ ಮೊತ್ತಮೊದಲ ಗ್ರಂಥಾಲಯ ಕಾಯಿದೆ. ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಕಾಯಿದೆ ನಮಗೂ ಅನ್ವಯಿಸುತ್ತಿತ್ತು. ತಿರುವಿತಾಂಕೂರಿನಲ್ಲಿ ಶ್ರೀ ಪಿ. ಎನ್. ಪಣಿಕ್ಕರರು 1945ರಲ್ಲಿ 47 ಗ್ರಂಥಾಲಯಗಳನ್ನು ಒಗ್ಗೂಡಿಸಿ ಆರಂಭಿಸಿದ ಗ್ರಂಥಶಾಲಾ ಸಂಘ ಮುಂದೆ ಕೇರಳವನ್ನೆಲ್ಲ ವ್ಯಾಪಿಸಿತು. ಅವರು ತೀರಿಕೊಂಡ ಜೂನ್ 19ನ್ನು ಶಾಲೆಗಳಲ್ಲಿ ವಾಚನಾ ದಿನವಾಗಿ ಆಚರಿಸುವುದನ್ನು ನಮ್ಮ ಮಕ್ಕಳೂ ಬಲ್ಲರು. ಇಂದು ರಾಜ್ಯದ ಗ್ರಂಥಾಲಯ ಮಂಡಳಿಗೆ ಸೇರಿದ ಗ್ರಂಥಾಲಯಗಳು ಎಂಟು ಸಾವಿರಕ್ಕೂ ಹೆಚ್ಚು. ಇದು ಮಲಯಾಳಿ ಬಂಧುಗಳು ಹೆಮ್ಮೆಪಡಬೇಕಾದ ಸಾಧನೆ. ಅದರ ನೆರಳಿನಲ್ಲೇ ನಮ್ಮ ಹಳ್ಳಿಗಳ ಕನ್ನಡ ವಾಚನಾಲಯಗಳೂ ಬದುಕಿವೆ ಎಂಬುದನ್ನು ಒಪ್ಪಿಕೊಳ್ಳದಿದ್ದರೆ ಅಪ್ರಾಮಾಣಿಕತೆಯಾಗುತ್ತದೆ.

ಈ ಗ್ರಂಥಾಲಯಗಳ ಹಣದ ಮೂಲವನ್ನು ಹೆಚ್ಚಿನವರು ಗಮನಿಸಿರಲಾರರು. 1989ರ ಕೇರಳ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ಕಟ್ಟಡ ತೆರಿಗೆಯ ಪ್ರತಿ ರೂಪಾಯಿಯ ಮೇಲೆ ಐದು ಪೈಸೆ ಗ್ರಂಥಾಲಯ ಸೆಸ್ ಇದೆ. ಪಂಚಾಯತು, ನಗರಸಭೆಗಳು ಅದನ್ನು ವಸೂಲು ಮಾಡುತ್ತವೆ. ಇದಲ್ಲದೆ ಶಿಕ್ಷಣಕ್ಕೆ ತೆಗೆದಿಟ್ಟ ಹಣದಲ್ಲಿ ನೂರಕ್ಕೆ ಒಂದಕ್ಕೆ ಕಡಿಮೆಯಿಲ್ಲದಷ್ಟನ್ನು ರಾಜ್ಯ ಸರಕಾರ ಗ್ರಂಥಾಲಯ ನಿಧಿಗೆ ಕೊಡಬೇಕು. ಕೇಂದ್ರದ ಪಾಲು ಬರುವುದು, 1972ರಲ್ಲಿ ಸ್ಥಾಪನೆಗೊಂಡು ಕೋಲ್ಕತಾದಲ್ಲಿರುವ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ಮೂಲಕ. ಅದರ ಮುಖ್ಯ ಯೋಜನೆ ಸಮಪಾಲಿನದು. ರಾಜ್ಯ ತನ್ನ ಪಾಲನ್ನು ಹಾಕಿದರೆ ಮಾತ್ರ ಕೇಂದ್ರದ ಪಾಲು ಕೂಡಿಕೊಳ್ಳುತ್ತದೆ. ಅಮೆರಿಕದ 66, 34ರ ಲೆಕ್ಕಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ರಾಜ್ಯದ ಖಜಾನೆ ಬಿಗಿಯಾದರೆ ಒಂದಲ್ಲ, ಎರಡು ಪಾಲು ಹೋಗುತ್ತದೆ.

ಸಾಲದ ಮಿತಿಯ ಕುರಿತು ಕೇರಳವು ಕೇಂದ್ರದ ಮೇಲೆ 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿತು. 2024ರ ಏಪ್ರಿಲಿನಲ್ಲಿ ಅದು ಸಂವಿಧಾನ ಪೀಠಕ್ಕೆ ಹೋಯಿತು. ಸರಿ ಯಾರದು, ತಪ್ಪು ಯಾರದು ಎಂಬ ವಿಚಾರಕ್ಕೆ ನಾವು ಇಲ್ಲಿ ಇಳಿಯುವುದಿಲ್ಲ. ಎರಡು ಕೋಣಗಳ ಕಾದಾಟದಲ್ಲಿ ಗಿಡ ನಲುಗುವುದೆಂಬ ನಾಣ್ಣುಡಿ ನಮ್ಮ ಹಿರಿಯರದು. ಹಣಕಾಸಿನ ಬಿಗಿ ಬಂದಾಗ ಸಂಬಳ, ಪಿಂಚಣಿ, ರಸ್ತೆ, ಆಸ್ಪತ್ರೆ ಇವೆಲ್ಲ ಮೊದಲು ನಿಲ್ಲುತ್ತವೆ, ನಿಲ್ಲಲೂಬೇಕು. ಗ್ರಂಥಾಲಯದ ಸರದಿ ಕೊನೆಗೆ. ಗ್ರಂಥಾಲಯದೊಳಗೂ ಒಂದು ಸರದಿಯಿದೆ. ವಿದ್ಯುತ್ ಬಿಲ್ಲು, ಗ್ರಂಥಪಾಲಕರ ಭತ್ಯೆ, ಪತ್ರಿಕೆಯ ಚಂದಾ, ಆ ಮೇಲೆ ಪುಸ್ತಕ. ಪುಸ್ತಕದಲ್ಲಿ ಮೊದಲು ಮಲಯಾಳ, ಅನಂತರ ಸ್ಪರ್ಧಾ ಪರೀಕ್ಷೆಯ ಇಂಗ್ಲಿಷು, ಉಳಿದರೆ ಕನ್ನಡ. ಇದು ದ್ವೇಷದಿಂದ ಆಗುವ ಕೆಲಸವೆಂದು ನಾವು ಹೇಳುವುದಿಲ್ಲ. ಸರದಿಯ ಕೊನೆಯಲ್ಲಿ ನಿಂತವನಿಗೆ ಅನ್ನ ಮುಗಿಯುವುದು ಬಡಿಸುವವನ ಕೆಟ್ಟತನದಿಂದಲೇ ಆಗಬೇಕೆಂದಿಲ್ಲ.

ಕಳೆದ ಮಳೆಗಾಲದಲ್ಲಿ ನಾವು ಜಿಲ್ಲೆಯ ಉತ್ತರ ಭಾಗದ ಒಂದು ಗ್ರಂಥಾಲಯಕ್ಕೆ ಹೋಗಿದ್ದೆವು. ಅದರ ಹೆಸರು ಹೇಳುವುದಿಲ್ಲ. ತಪ್ಪು ಅದೊಂದರದೇ ಅಲ್ಲ. ಕನ್ನಡದ ಕಪಾಟು ಕಿಟಕಿಯ ಬಳಿ ಎರಚಲು ಬೀಳುವ ಜಾಗದಲ್ಲಿತ್ತು. ಕಾದಂಬರಿಗಳು ಹೆಚ್ಚಿನವು ನಾವು ಕಾಲೇಜಿನಲ್ಲಿದ್ದಾಗ ಓದಿದಂಥವು. ಬೆನ್ನಿಗೆ ಅಂಟಿಸಿದ ಬಟ್ಟೆ ಬಿಟ್ಟುಹೋಗಿತ್ತು. ಯಕ್ಷಗಾನ ಪ್ರಸಂಗಗಳ ಒಂದು ಕಟ್ಟು ಗೆದ್ದಲಿನ ಪಾಲಾಗಿತ್ತು. ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯಲ್ಲಿ ಇದು ಎಂದು ನೆನೆದು ಮನಸ್ಸಿಗೆ ಕಸಿವಿಸಿಯಾಯಿತು. ಗ್ರಂಥಪಾಲಕಿ ಮಲಯಾಳಿ ಸಹೋದರಿ. ಕನ್ನಡ ಅಕ್ಷರ ಬಾರದಿದ್ದರೂ ಪುಸ್ತಕಗಳನ್ನು ಅವುಗಳ ಬಣ್ಣದಿಂದ ಗುರುತಿಸುತ್ತಿದ್ದರು. ‘ಮಾಷೆ, ಇಬ್ಬರೇ ಬರುತ್ತಾರೆ’ ಎಂದು ಅವರು ನಮ್ಮ ಮುಂದೆ ಪುಸ್ತಕ ಕೊಟ್ಟ ರಿಜಿಸ್ಟರನ್ನು ಇಟ್ಟರು. ಒಬ್ಬರು ನಿವೃತ್ತ ಮಾಸ್ತರರು. ಇದ್ದುದನ್ನೆಲ್ಲ ಎರಡು ಸಲ ಓದಿ ಮುಗಿಸಿದವರು. ಇನ್ನೊಬ್ಬಳು ಎಂಟನೆಯ ತರಗತಿಯ ಹುಡುಗಿ. ಆಕಾಶದ ಗ್ರಹ ನಕ್ಷತ್ರಗಳ ಬಗ್ಗೆ ಕನ್ನಡ ಪುಸ್ತಕ ಕೇಳಿದ್ದಳಂತೆ. ಇದ್ದದ್ದು ಒಂದೇ, ಅದೂ ಆಕೆಯ ತಾಯಿ ಹುಟ್ಟುವ ಮೊದಲು ಅಚ್ಚಾದದ್ದು. ಅದರ ಪ್ರಕಾರ ಮನುಷ್ಯ ಚಂದ್ರನ ಮೇಲೆ ಇನ್ನೂ ಕಾಲಿಟ್ಟಿರಲಿಲ್ಲ!

ನಮ್ಮ ಆತಂಕವಿರುವುದು ಆ ರಿಜಿಸ್ಟರಿನ ಬಗ್ಗೆ. ಮಂಡಳಿಯ ಗ್ರಂಥಾಲಯಗಳನ್ನು ಪರಿಶೀಲಿಸಿ ದರ್ಜೆ ನಿಗದಿಪಡಿಸುವ ಕ್ರಮವಿದೆ. ಪುಸ್ತಕಗಳೆಷ್ಟು, ಸದಸ್ಯರೆಷ್ಟು, ಚಟುವಟಿಕೆ ಏನು ಎಂಬುದನ್ನು ನೋಡಿ ದರ್ಜೆ. ದರ್ಜೆಗೆ ತಕ್ಕ ಅನುದಾನ. ಹಣ ಧಾರಾಳವಾಗಿರುವಾಗ ಇದು ನ್ಯಾಯವಾದ ಪದ್ಧತಿ. ಹಣಕ್ಕೆ ಕತ್ತರಿ ಬಿದ್ದಾಗ ಇದೇ ಪುಟ ನಮ್ಮ ವಿರುದ್ಧ ಸಾಕ್ಷಿ ನುಡಿಯುತ್ತದೆ. ‘ಕನ್ನಡಕ್ಕೆ ಓದುಗರೇ ಇಲ್ಲವಲ್ಲ, ಕೊಂಡೇನು ಪ್ರಯೋಜನ’ ಎಂದು ಸಮಿತಿಯಲ್ಲಿ ಒಬ್ಬರು ಹೇಳಿದರೆ ಉತ್ತರ ಕೊಡುವುದು ಹೇಗೆ? ಪುಸ್ತಕವಿಲ್ಲದ್ದರಿಂದ ಓದುಗ ಬರಲಿಲ್ಲ ಎಂಬ ಸತ್ಯ ರಿಜಿಸ್ಟರಿನ ಯಾವ ಕಾಲಂನಲ್ಲೂ ಬರೆದಿರುವುದಿಲ್ಲ.

ಒಂದು ಕಟು ಮಾತನ್ನೂ ಇಲ್ಲಿ ಹೇಳಬೇಕಾಗಿದೆ, ಬಂಧುಗಳು ಕ್ಷಮಿಸಬೇಕು. ಭಾಷಾ ಅಲ್ಪಸಂಖ್ಯಾತರ ಹಕ್ಕಿಗಾಗಿ ನಡೆಯುವ ಸಭೆಗೆ ನೂರಾರು ಜನ ಸೇರುವ ನಮ್ಮಲ್ಲಿ ಊರಿನ ಗ್ರಂಥಾಲಯದ ಸದಸ್ಯತ್ವ ಪಡೆದವರು ಎಷ್ಟು ಮಂದಿ? ‘ಅದು ಅವರ ವಾಯನಶಾಲೆ’ ಎಂದು ಹೊರಗಿನಿಂದಲೇ ಹೋಗುವವರನ್ನು ನಾವು ಬಲ್ಲೆವು. ಅವರದಲ್ಲ, ಕಟ್ಟಡ ತೆರಿಗೆ ಕಟ್ಟಿದ ಪ್ರತಿಯೊಬ್ಬನದು. ಮನೆಯಲ್ಲಿ ತುಳು ಇರಲಿ, ಕೊಂಕಣಿ ಇರಲಿ, ಮರಾಠಿ ಇರಲಿ, ಹವ್ಯಕರ ಮಾತಿರಲಿ, ಅಕ್ಷರಕ್ಕೆ ಕನ್ನಡವನ್ನೇ ನಂಬಿದ ಎಲ್ಲ ಕುಟುಂಬಗಳೂ ಈ ಐದು ಪೈಸೆಯನ್ನು ವರ್ಷವರ್ಷವೂ ಕೊಡುತ್ತಿವೆ. ಎಣ್ಮಕಜೆಯ ಅಡಿಕೆ ಕೃಷಿಕನ ಮನೆಗೂ, ಪೈವಳಿಕೆಯಲ್ಲಿ ಬೀಡಿ ಕಟ್ಟುವ ತಾಯಿಯ ಮನೆಗೂ ಅದೇ ದರ. ಕೊಟ್ಟ ಹಣಕ್ಕೆ ಪುಸ್ತಕ ಕೇಳುವುದು ದಾನ ಬೇಡಿದಂತಲ್ಲ. ಆದರೆ ಕೇಳಲು ಹೊಸ್ತಿಲು ದಾಟಿ ಒಳಗೆ ಹೋಗಬೇಕು. ಮಹಾಸಭೆಯಲ್ಲಿ ಕೂರಬೇಕು, ಆಡಳಿತ ಸಮಿತಿಗೆ ನಿಲ್ಲಬೇಕು.

ಗಡಿಯಾಚೆಯ ಸಹಾಯವನ್ನೇ ನೆಚ್ಚಿ ಕೂರುವುದೂ ಸರಿಯಲ್ಲ. ಕರ್ನಾಟಕಕ್ಕೆ 1965ರ ತನ್ನದೇ ಗ್ರಂಥಾಲಯ ಕಾಯಿದೆ ಇದೆ, ಸೆಸ್ ಇದೆ, ಕನ್ನಡ ಪುಸ್ತಕಗಳ ಸಗಟು ಖರೀದಿಯ ಏರ್ಪಾಡೂ ಇದೆ. ಆದರೆ ಅಲ್ಲಿನವರ ತೆರಿಗೆಯ ಹಣದಿಂದ ನಡೆಯುವ ಆ ವ್ಯವಸ್ಥೆ ಅಲ್ಲಿನ ಗ್ರಂಥಾಲಯಗಳಿಗಾಗಿ. ಅಲ್ಲಿಂದ ಯಾವಾಗಲೋ ಒಮ್ಮೆ ಬರುವ ಪುಸ್ತಕದ ಕಟ್ಟುಗಳಿಗೆ ನಾವು ಕೃತಜ್ಞರು. ಆದರೆ ಕಳುಹಿಸುವವರು ತಮ್ಮಲ್ಲಿ ಮಿಕ್ಕದ್ದನ್ನು ಕಳುಹಿಸುತ್ತಾರೆಯೇ ಹೊರತು ಎಂಟನೆಯ ತರಗತಿಯ ನಮ್ಮ ಹುಡುಗಿ ಕೇಳಿದ್ದನ್ನಲ್ಲ. ಒಮ್ಮೆ ಬಂದ ಕಟ್ಟಿನಲ್ಲಿ ಒಂದೇ ಪುಸ್ತಕದ ಹನ್ನೊಂದು ಪ್ರತಿಗಳನ್ನು ನಾವೇ ಎಣಿಸಿದ್ದೇವೆ.

ಆದುದರಿಂದ ಗ್ರಂಥಾಲಯ ಮಂಡಳಿಯ ಮುಂದೆ ಇಡಬೇಕಾದ ಬೇಡಿಕೆ ಸ್ಪಷ್ಟವಾಗಿರಬೇಕು. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಗ್ರಂಥಾಲಯಗಳಿಗೆ ಸಿಗುವ ಪುಸ್ತಕ ಅನುದಾನದಲ್ಲಿ ಇಂತಿಷ್ಟು ಪಾಲು ಕನ್ನಡ ಪುಸ್ತಕಗಳಿಗೆ ಎಂದು ಲಿಖಿತವಾಗಿ ನಿಗದಿಯಾಗಲಿ. ಅನುದಾನ ಇಳಿದರೆ ಆ ಪಾಲೂ ಅದೇ ಪ್ರಮಾಣದಲ್ಲಿ ಇಳಿಯಲಿ, ನಮ್ಮ ಆಕ್ಷೇಪವಿಲ್ಲ. ಎಲ್ಲರ ತಟ್ಟೆಯಲ್ಲಿ ಅರ್ಧ ಅನ್ನವಿದ್ದಾಗ ನಮಗೆ ಮಾತ್ರ ತುಂಬಿರಬೇಕೆಂದು ನಾವು ಕೇಳುವುದಿಲ್ಲ. ಆದರೆ ಇಳಿಕೆಯ ಪೂರ್ತಿ ಭಾರವನ್ನು ಕನ್ನಡದ ಕಪಾಟಿನ ಮೇಲೆಯೇ ಹೊರಿಸುವ ಈಗಿನ ರೂಢಿ ನಿಲ್ಲಬೇಕು. ಎರಡನೆಯದಾಗಿ, ಯಾವುದೋ ಒಂದು ಗ್ರಂಥಾಲಯದಲ್ಲಿರುವ ಕನ್ನಡ ಪುಸ್ತಕವನ್ನು ಇನ್ನೊಂದು ಊರಿನ ಓದುಗನಿಗೆ ತಲುಪಿಸುವ ಏರ್ಪಾಡಾಗಬೇಕು. ಬದಿಯಡ್ಕದಲ್ಲಿ ಇರುವುದು ಅಡೂರಿನವನಿಗೆ ಸಿಗಲು ಹೊಸ ಹಣವೇನೂ ಬೇಡ. ಒಂದು ಪಟ್ಟಿ, ಒಂದು ಬಸ್ಸಿನ ಚೀಟಿ ಸಾಕು. ಸೌತ್ ಡಕೋಟದವರು ಕಳೆದುಕೊಂಡದ್ದು ಇಂಥ ಏರ್ಪಾಡನ್ನೇ. ನಮ್ಮಲ್ಲಿ ಅದು ಹುಟ್ಟಿಯೇ ಇಲ್ಲ.

ಜಿಲ್ಲಾ ಗ್ರಂಥಾಲಯ ಮಂಡಳಿ ನಡೆಸುವ ಪುಸ್ತಕೋತ್ಸವದಲ್ಲಿ ಗ್ರಂಥಾಲಯಗಳು ಅನುದಾನದ ಹಣದಿಂದ ಪುಸ್ತಕ ಕೊಳ್ಳುತ್ತವೆ. ಅಲ್ಲಿ ಕನ್ನಡದ ಮಳಿಗೆಗಳೆಷ್ಟಿರುತ್ತವೆ ಎಂಬುದನ್ನು ಹೋಗಿ ಬಂದವರೇ ಬಲ್ಲರು. ಪ್ರಕಾಶಕರಿಗೆ ಇಲ್ಲಿ ವ್ಯಾಪಾರವಾದೀತೆಂಬ ನಂಬಿಕೆ ಬರಬೇಕಾದರೆ ಯಾವ ಗ್ರಂಥಾಲಯಕ್ಕೆ ಯಾವ ಪುಸ್ತಕ ಬೇಕೆಂಬುದು ಮೊದಲೇ ಗೊತ್ತಾಗಬೇಕು. ಓದುಗರು ತಮ್ಮ ಊರಿನ ಗ್ರಂಥಾಲಯಕ್ಕೆ ಬೇಕಾದ ಹತ್ತು ಕನ್ನಡ ಪುಸ್ತಕಗಳ ಪಟ್ಟಿಯನ್ನು ಬರೆದು, ಸದಸ್ಯತ್ವ ಸಂಖ್ಯೆ ಸಹಿತ ಅಲ್ಲಿನ ಕಾರ್ಯದರ್ಶಿಗೆ ಕೊಟ್ಟು, ಒಂದು ಪ್ರತಿಯನ್ನು ನಮಗೂ ಕಳುಹಿಸಲಿ. ಅವುಗಳನ್ನು ಊರಿನ ಹೆಸರಿನೊಂದಿಗೆ ಪ್ರತಿ ಭಾನುವಾರ ಈ ಪತ್ರಿಕೆಯಲ್ಲಿ ಪ್ರಕಟಿಸುತ್ತೇವೆ. ಮೊದಲ ಪಟ್ಟಿಯಲ್ಲಿ ಗ್ರಹ ನಕ್ಷತ್ರಗಳ ಬಗ್ಗೆ ಒಂದು ಹೊಸ ಪುಸ್ತಕದ ಹೆಸರನ್ನು ನಾವೇ ಸೇರಿಸುವವರಿದ್ದೇವೆ.